ಕೇಳದೆ ತಂದ ಬಣ್ಣ

"ಬಣ್ಣ ಬೇಕಂದ್ರೆ ಕೇಳಿ ಇಸ್ಕೊಳಿ ಅಮ್ಮೋರೆ. ಕೇಳ್ದೆ ಮಾತ್ರ ಒಬ್ಬರ ಮನೆ ಗೋಡೆ ಕೆರೀಬ್ಯಾಡಿ. ಉಗುರಲ್ಲೂ ಕೆರೀಬ್ಯಾಡಿ."

ಪೇಂಟರ್ ಸಿದ್ದಯ್ಯ ಏಣಿಯ ಮೇಲಿನಿಂದಲೇ ಹೇಳಿದ. ಗೋಡೆಗೆ ಪುಟ್ಟಿ ಮೆತ್ತುತ್ತಿದ್ದ ಕೈ ನಿಂತಿತ್ತು. ಕೆಳಗೆ ದೀಪಶ್ರೀ ಅವನಿಗೆ ಮೊಬೈಲ್ ಹಿಡಿದು ಒಂದು ಫೋಟೋ ತೋರಿಸುತ್ತಿದ್ದಳು. ಅದು ರಸ್ತೆಯ ಕೆಳಗಿನ ಸೌಜನ್ಯಳ ಮನೆಯ ಹಾಲ್. ಒಂದೇ ಒಂದು ಗೋಡೆ, ಮಣ್ಣು ಕಲಸಿದಂತಹ ಮಬ್ಬು ಹಸಿರು.

"ಫೋಟೋದಾಗೆ ಬಣ್ಣ ಸುಳ್ಳು ಹೇಳ್ತೈತೆ. ಜೋಡಿ ಆಗ್ಬೇಕು ಅಂದ್ರೆ ಆ ಗೋಡೆದೊಂದು ಚಕ್ಕೆ ಬೇಕೇ ಬೇಕು, ಇಲ್ಲ ಅನ್ನಕಿಲ್ಲ. ಅದಕ್ಕೊಂದು ಕ್ರಮ ಐತೆ. ಆ ಮನೆ ಯಜಮಾನ್ತಿನ ಕೇಳ್ಬೇಕು. ಗೋಡೆ ಬುಡದಾಗೆ ಎಲೆ ಅಡಿಕೆ ಮಡಗ್ಬೇಕು. ಆಯಮ್ಮ ತನ್ನ ಕೈಯಾರ ಚಕ್ಕೆ ಬಿಡಿಸಿ ಕೊಡ್ಬೇಕು. ನಮ್ಮಪ್ಪನ ಕಾಲದಿಂದ ಬಣ್ಣದೋರು ಹಂಗೇ ಮಾಡ್ಕೊಂಡು ಬಂದಿರದು. ಕೇಳಿ ತಂದ್ರೆ ಬಣ್ಣ ಒಂದೇ ಬತ್ತೈತೆ. ಕೇಳ್ದೆ ತಂದ್ರೆ ಆ ಗೋಡೆಗೆ ಅಂಟಿರದೆಲ್ಲ ಬತ್ತೈತೆ."

"ಏನೇನು ಅಂಟಿರತ್ತೆ ಸಿದ್ದಯ್ಯನೋರೇ? ಹಲ್ಲಿನಾ?"

"ಆ ಮನೆ ಗೋಡೆ ವಿಚಾರ ನನ್ನ ಬಾಯಾಗೆ ಬರಸ್ಬ್ಯಾಡಿ."

ಸಿದ್ದಯ್ಯ ಬೀಡಿ ಸೇದಲು ಅಂಗಳಕ್ಕೆ ಹೋದದ್ದೇ ತಡ, ದೀಪಶ್ರೀ ಏಣಿಯ ಎರಡನೆಯ ಮೆಟ್ಟಿಲು ಹತ್ತಿದಳು. ಗಲ್ಲ ಒಳಗೆಳೆದುಕೊಂಡಳು. ಎಡಗಣ್ಣು ಕಿರಿದು ಮಾಡಿದಳು. "ಉಗುರಲ್ಲೂ ಕೆರೀಬ್ಯಾಡಿ ಅಮ್ಮೋರೆ... ಹಲ್ಲಿ ಬತ್ತೈತೆ, ಹಲ್ಲಿ ಹಿಂದೆ ಅವರತ್ತೆ ಬತ್ತೈತೆ!" ಸಿದ್ದಯ್ಯನ ಗಂಟಲಿನ ಗೊರಗೊರ, ಪದಕ್ಕೊಮ್ಮೆ ಮೂಗೆಳೆಯುವುದು, ಯಾವುದೂ ತಪ್ಪಲಿಲ್ಲ. ಆರು ವರ್ಷದ ಮಗಳು ಚುಕ್ಕಿ ಬಿದ್ದು ಬಿದ್ದು ನಕ್ಕಳು. ನಕ್ಕು ಮುಗಿಯುವ ಮೊದಲೇ ತಾನೂ ಗಲ್ಲ ಎಳೆದುಕೊಂಡು ಶುರು ಮಾಡಿದಳು. ಹಾಸನದ ಕಾಲೇಜಿನಲ್ಲಿ ದೀಪಶ್ರೀ ಪ್ರಿನ್ಸಿಪಾಲರ ದನಿಯಲ್ಲಿ ಮೈಕಿನಲ್ಲಿ ರಜೆ ಘೋಷಿಸಿ ಅರ್ಧ ಕಾಲೇಜನ್ನು ಮನೆಗೆ ಕಳಿಸಿದವಳು. ಹೆತ್ತವಳು ಮಿಮಿಕ್ರಿ, ಹುಟ್ಟಿದ್ದು ಕಾಪಿ. ಕಾಫಿ ನಾಡಿಗೆ ಹೇಳಿ ಮಾಡಿಸಿದ ಮಗು.

ಗಂಡ ರವಿಚಂದ್ರ ಹೆತ್ತೂರಿನಲ್ಲಿ ಗೊಬ್ಬರದ ಅಂಗಡಿ ಹಾಕಿ, ರಸ್ತೆ ಪಕ್ಕದಲ್ಲೇ ಮನೆ ಕಟ್ಟಿಸಿ, ಅವರು ಇಲ್ಲಿಗೆ ಬಂದು ಎಂಟು ತಿಂಗಳಾಗಿತ್ತು. ಈ ಎಂಟು ತಿಂಗಳಲ್ಲಿ ದೀಪಶ್ರೀಗೆ ಊಟ ರುಚಿಸಿದ ದಿನಗಳಿದ್ದವು, ನಿದ್ದೆ ಹತ್ತಿದ ದಿನಗಳಿದ್ದವು. ಸೌಜನ್ಯಳ ಮನೆಗೆ ಹೋಗಿ ಬಂದ ದಿನ ಮಾತ್ರ ಎರಡೂ ಇರುತ್ತಿರಲಿಲ್ಲ.

ಮೊದಲ ಸಲ ಆ ಬಣ್ಣದ ಸುದ್ದಿ ಕೇಳಿದಾಗ ನಕ್ಕಿದ್ದಳು. ಮೊಬೈಲಿನವರು ಅದನ್ನು ಆಲಿವ್ ಗ್ರೀನ್ ಎನ್ನಲಿ, ಹೆತ್ತೂರಿನವರ ಕಣ್ಣಿಗೆ ಅದು ಪಾಚಿ. ವರ್ಷದಲ್ಲಿ ಐದು ತಿಂಗಳು ಗೋಡೆಯ ಪಾಚಿ ಉಜ್ಜಿ ಉಜ್ಜಿ ಕೈ ಸವೆಸಿಕೊಳ್ಳುವ ಊರಿನಲ್ಲಿ ಹಾಲ್‌ಗೇ ಪಾಚಿ ಹಿಡಿಸಿಕೊಂಡಿದ್ದಾಳಲ್ಲ! ಆದರೆ ಹೋಗಿ ನೋಡಿದಾಗ ನಗು ಗಂಟಲಲ್ಲೇ ಕೂತಿತು. ಆ ಗೋಡೆಯ ಮುಂದೆ ಎರಡು ಬೆತ್ತದ ಕುರ್ಚಿ, ಸಾಸಿವೆ ಹೂವಿನ ಬಣ್ಣದ ದಿಂಬು, ಮೂಲೆಯಲ್ಲಿ ಹಿತ್ತಾಳೆಯ ಹಂಡೆ, ಹಂಡೆಯಲ್ಲಿ ಒಣ ಹುಲ್ಲಿನ ತೆನೆ. ಕಿಟಕಿಯಿಂದ ಇಳಿಬಿಸಿಲು ಬಿದ್ದರೆ ಗೋಡೆ ಉಸಿರಾಡಿದಂತೆ ಕಾಣುತ್ತಿತ್ತು. ಅದನ್ನು ನೋಡಿ ಬಂದು ತನ್ನ ಮನೆಯ ಗುಲಾಬಿ ಗೋಡೆ ನೋಡಿದರೆ ದೀಪಶ್ರೀಗೆ ಯಾರೋ ಕೆನ್ನೆಗೆ ಹೊಡೆದು ಕೆಂಪು ಮಾಡಿದಂತೆ ಅನಿಸಿತು.

ಗೋಡೆ ಒಂದೇ ಆಗಿದ್ದರೆ ತಡೆದುಕೊಳ್ಳುತ್ತಿದ್ದಳೋ ಏನೋ. ಆ ಮನೆಯ ಶಾಂತಿ ನೋಡಬೇಕಿತ್ತು! ಸೌಜನ್ಯಳ ಗಂಡ ಪ್ರಜ್ವಲ್, ಎಂಟು ಎಕರೆ ತೋಟದ ಯಜಮಾನ, ಹೆಂಡತಿಯ ಮೇಲೆ ಒಂದು ದಿನ ದನಿ ಏರಿಸಿದವನಲ್ಲ. ಅತ್ತೆ ಗಂಗಾಮಣಿ ಕುರ್ಚಿಯಲ್ಲಿ ಕೂತು ಬಂದವರಿಗೆ ತಲೆಯಾಡಿಸುತ್ತಾರೆ, ತುಟಿಪಿಟಕ್ ಎನ್ನುವುದಿಲ್ಲ. ಇತ್ತ ದೀಪಶ್ರೀಯ ಮನೆಯಲ್ಲಿ ರವಿಚಂದ್ರ ಫೋನಿನಲ್ಲಿ ಯೂರಿಯಾ ಎಂದರೆ ಎಡಕುಮೇರಿಯಲ್ಲಿ ರೈಲು ಕಾಯುವವರಿಗೆ ಕೇಳಬೇಕು. ಆಲೂರಿನಿಂದ ಅತ್ತೆಯ ಫೋನು ದಿನಕ್ಕೆ ಮೂರು ಸಲ. ಅದರ ಮೇಲೆ ಚುಕ್ಕಿ.

"ನಮ್ಮನೇಲಿ ಗೋಡೆ ಒಂದು ಬಿಟ್ಟು ಎಲ್ಲರೂ ಮಾತಾಡ್ತಾರೆ" ಎಂದು ಅವಳು ಗಂಡನನ್ನು ಹಂಗಿಸುತ್ತಿದ್ದಳು.

ಕೇಳಿದ್ದರೆ ಸೌಜನ್ಯ ಚಕ್ಕೆ ಕೊಡುತ್ತಿದ್ದಳೋ ಇಲ್ಲವೋ. ದೀಪಶ್ರೀ ಕೇಳುವವಳೇ ಅಲ್ಲ. ಕೇಳುವುದೆಂದರೆ ಒಪ್ಪಿಕೊಂಡಂತೆ. ಊರಿನ ಹೆಂಗಸರೆಲ್ಲ "ಎಷ್ಟು ಚೆಂದ ಕಣ್ರೀ" ಎಂದು ಬಾಯಿ ಬಿಡುವಾಗಲೂ ಅವಳು ಕಾಫಿ ಲೋಟದೊಳಗೆ ಕಣ್ಣಿಟ್ಟು, "ಸಕ್ಕರೆ ಸ್ವಲ್ಪ ಜಾಸ್ತಿ ಆಯ್ತು" ಎಂದು ಬಂದವಳು. ಹೊಟ್ಟೆಯೊಳಗಿನ ಬೆಂಕಿಗೆ ಸಕಲೇಶಪುರದಿಂದ ಯಾವ ಬೆಂಕಿ ಎಂಜಿನ್ನೂ ಬರುವುದಿಲ್ಲ.

ಮರುದಿನ ಮಧ್ಯಾಹ್ನ ಸೌಜನ್ಯಳ ಮನೆಗೆ ಹೋದಳು. ಕಣದಲ್ಲಿ ಕಾಫಿ ಒಣಗುತ್ತಿತ್ತು. ಹುಳಿ ಹಿಡಿದ ಸಿಪ್ಪೆಯ ವಾಸನೆ ಬಾಗಿಲವರೆಗೂ ಬಂದು, ಹೊಸ್ತಿಲಾಚೆ ಕತ್ತರಿಸಿದಂತೆ ನಿಂತುಬಿಟ್ಟಿತ್ತು. ಹಾಲ್‌ನಲ್ಲಿ ಬೇರೆಯೇ ವಾಸನೆ. ಬಹಳ ಹೊತ್ತು ಮುಚ್ಚಿದ ಬಾಯಿಯ ವಾಸನೆ.

"ಬಾರೇ ದೀಪಾ. ಹಾಲಿಟ್ಟಿದೀನಿ, ಉಕ್ಬುಡ್ತೈತೆ. ಕೂತಿರು, ಬಂದೆ" ಎಂದು ಸೌಜನ್ಯ ಒಳಗೆ ಹೋದಳು. ಹೋದವಳು ಬರಲೇ ಇಲ್ಲ.

ದೀಪಶ್ರೀ ಎದ್ದು ಗೋಡೆಯ ಹತ್ತಿರ ಹೋದಳು. ಮೂಲೆಯ ಕುರ್ಚಿಯಲ್ಲಿದ್ದ ಗಂಗಾಮಣಿಯ ತಲೆ ಮೇಲೆದ್ದಿತು. ಮುದುಕಿ ಎರಡೂ ಕೈ ಬೀಸಿದರು. ಬೇಡ, ಬೇಡ. ಬಾಯಿ ಅಗಲವಾಗಿ ತೆರೆಯಿತು. ದನಿ ಬರಲಿಲ್ಲ. ವಯಸ್ಸಾಯಿತು, ಆಕಳಿಕೆ ಇರಬೇಕು ಎಂದುಕೊಂಡು ದೀಪಶ್ರೀ ಅವರಿಗೆ ಬೆನ್ನು ಮಾಡಿ ನಿಂತಳು. ಹಂಡೆಯ ಹಿಂದೆ ಯಾರಿಗೂ ಕಾಣದ ಜಾಗ. ಉಗುರು ಊರಿದಳು. ಗೋಡೆ ತಣ್ಣಗಿರಲಿಲ್ಲ. ಬೆಚ್ಚಗಿತ್ತು, ತೇವವಿತ್ತು, ನಾಲಿಗೆಯ ಅಡಿಭಾಗದಷ್ಟು ಮೆತ್ತಗಿತ್ತು. ಹೆಬ್ಬೆರಳಿನಗಲದ ಚಕ್ಕೆ ತಾನಾಗಿಯೇ ಕಿತ್ತು ಕೈಗೆ ಬಂತು. ಕರ್ಚೀಫಿನಲ್ಲಿ ಸುತ್ತಿಕೊಂಡಳು.

"ಸೌಜನ್ಯಾ, ಚುಕ್ಕಿ ಸ್ಕೂಲಿಂದ ಬರೋ ಹೊತ್ತಾಯ್ತು, ಬರ್ತೀನಿ ಕಣೇ!"

ಹೊಸ್ತಿಲು ದಾಟಿ ನಾಲ್ಕು ಹೆಜ್ಜೆ ಇಟ್ಟಿದ್ದಳು. ಹಿಂದಿನಿಂದ ತುಕ್ಕು ಹಿಡಿದ ಬಾಗಿಲು ತೆರೆದಂತಹ ಒಂದು ದನಿ, "ಅಯ್ಯಯ್ಯೋ..." ಎಂದಿತು. ಆ ಮನೆಯಲ್ಲಿ ಅಂಥ ದನಿಯನ್ನು ಅವಳು ಎಂದೂ ಕೇಳಿರಲಿಲ್ಲ. ಟೀವಿ ಇರಬೇಕು ಎಂದುಕೊಂಡು ಬಿರಬಿರನೆ ನಡೆದಳು.

ಸಕಲೇಶಪುರದ ಪೇಂಟ್ ಅಂಗಡಿಯಲ್ಲಿ ಮುಬಾರಕ್ ಚಕ್ಕೆಯನ್ನು ಬಣ್ಣ ಗುರುತಿಸುವ ಮೆಷಿನ್ನಿನ ಕೆಳಗಿಟ್ಟು ತಲೆ ಕೆರೆದುಕೊಂಡ. "ಅಕ್ಕಾ, ಒಂದೊಂದ್ಸಲ ಒಂದೊಂದು ನಂಬರ್ ಹೇಳ್ತಾ ಐತೆ. ಈ ಚಕ್ಕೆಗೇ ಬಣ್ಣ ಯಾವ್ದು ಅಂತ ಗೊತ್ತಿಲ್ಲ ನೋಡಿ." ಕೊನೆಗೆ ಕಣ್ಣಂದಾಜಿನಲ್ಲೇ ಕಲಸಿಕೊಟ್ಟ.

ಸಿದ್ದಯ್ಯ ಡಬ್ಬದ ಮುಚ್ಚಳ ತೆಗೆದು ಬಹಳ ಹೊತ್ತು ಒಳಗೆ ನೋಡಿದ.

"ಕೇಳಿ ತಂದ್ರಾ ಅಮ್ಮೋರೆ?"

"ಕೇಳಿದೆ, ಕೊಟ್ಳು" ಎಂದು ದೀಪಶ್ರೀ ಸೌಜನ್ಯಳ ದನಿಯಲ್ಲೇ ಹೇಳಿದಳು, "ತಗೊಂಡೋಗೇ ದೀಪಾ, ನಿಂಗಿಂತ ಹೆಚ್ಚಾ, ಅಂದ್ಳು."

ಎರಡು ಕೋಟ್ ಬಿತ್ತು. ಬೆತ್ತದ ಕುರ್ಚಿ ಬಂತು. ದಿಂಬು ಬಂತು. ಹಂಡೆಯಂತೂ ಸೌಜನ್ಯಳದ್ದಕ್ಕಿಂತ ಒಂದು ಗೇಣು ಎತ್ತರದ್ದೇ ಬಂತು. ದೀಪಶ್ರೀ ಆ ರಾತ್ರಿ ಹೊಟ್ಟೆ ತುಂಬ ಉಂಡಳು.

ಮೂರನೆಯ ದಿನ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದ್ದು ಹಾಲ್‌ನಲ್ಲಿದ್ದವಳಿಗೆ ಕೇಳಲಿಲ್ಲ. ಬೇಳೆ ಸೀದ ವಾಸನೆ ಬಂದ ಮೇಲೆಯೇ ಓಡಿದಳು. ನಾಲ್ಕನೆಯ ದಿನ ರವಿಚಂದ್ರನ ಯೂರಿಯಾ ಬಾಗಿಲು ದಾಟಲಿಲ್ಲ. "ನೋಡಿ, ಈ ಬಣ್ಣ ಎಷ್ಟು ಶಾಂತಿ ಕೊಡತ್ತೆ" ಎಂದು ಅವಳು ಹಿಗ್ಗಿದಳು.

ಐದನೆಯ ದಿನ ಸಂಜೆ. ಹೊರಗೆ ಮಂಜು ಇಳಿಯುತ್ತಿತ್ತು. ಕರೆಂಟು ಹೋಗಿತ್ತು. ಚುಕ್ಕಿ ಗೋಡೆಗೆ ಒರಗಿ ಕೂತು ಮಗ್ಗಿ ಹೇಳುತ್ತಿದ್ದಳು. ಎರಡೊಂದ್ಲ ಎರಡು. ಎರಡೆರಡ್ಲ ನಾಕು. ಮಗು ಕೆಮ್ಮಲು ನಿಂತಿತು. ಮಗ್ಗಿ ನಿಲ್ಲಲಿಲ್ಲ.

ಎರಡ್ಮೂರ್ಲ ಆರು.

ದೀಪಶ್ರೀ ಹಚ್ಚುತ್ತಿದ್ದ ಮೇಣದಬತ್ತಿ ಕೈಯಲ್ಲೇ ಉಳಿಯಿತು.

"ಚುಕ್ಕೀ, ನೀನೇನೇ ಹೇಳಿದ್ದು?"

ಮಗು ತಲೆಯಾಡಿಸಿತು. ಅಲ್ಲ. ಬಾಯಿ ತೆರೆದು ಏನೋ ಹೇಳಿತು. ತುಟಿ ಆಡಿತು. ಗಂಟಲಿನ ನರ ಉಬ್ಬಿತು. ಮಾತು ಬಂದದ್ದು ಬೆನ್ನ ಹಿಂದಿನ ಗೋಡೆಯಿಂದ. ಅದೇ ದನಿ. ಅದೇ ತೊದಲು. ಅದೇ ಮುದ್ದು.

"ಅಮ್ಮಾ, ನಾನಲ್ಲ."

ಗೋಡೆಗೂ ಕಿವಿ ಇರುತ್ತದೆ ಎನ್ನುತ್ತಾರೆ. ಬಾಯಿ ಇರುತ್ತದೆಂದು ದೀಪಶ್ರೀಗೆ ಯಾರೂ ಹೇಳಿರಲಿಲ್ಲ. ಎಚ್ಚರಿಸಿದವನೊಬ್ಬನನ್ನು ಅವಳು ಏಣಿ ಹತ್ತಿ ಅಣಕಿಸಿದ್ದಳು.

ಅಂದಿನಿಂದ ಚುಕ್ಕಿ ಮಾತಾಡಲಿಲ್ಲ. ಹಾಸನದ ಡಾಕ್ಟರು ಗಂಟಲೊಳಗೆ ಬೆಳಕು ಬಿಟ್ಟು ನೋಡಿ, ಏನೂ ತೊಂದರೆಯಿಲ್ಲ, ಯಾವುದಕ್ಕೋ ಹೆದರಿದ್ದಾಳೆ ಎಂದರು. ಆಲೂರಿಗೆ ಅತ್ತೆಯ ಮನೆಗೆ ಕರೆದುಕೊಂಡು ಹೋಗಿ ಮೂರು ದಿನ ಇಟ್ಟುಕೊಂಡರು. ಅಲ್ಲೂ ದನಿ ಬರಲಿಲ್ಲ. ಮರಳಿ ಬಂದು ಬೀಗ ತೆಗೆಯುವಾಗ ಖಾಲಿ ಮನೆಯೊಳಗೆ ಮಗುವೊಂದು ಮಗ್ಗಿ ಹೇಳುತ್ತಿತ್ತು. ರವಿಚಂದ್ರ ಅಂದೇ ಕುಂಚ ಹಿಡಿದು ಗೋಡೆಗೆ ಸುಣ್ಣ ಬಳಿದ. ಬೆಳಗಾಗುವಷ್ಟರಲ್ಲಿ ಸುಣ್ಣದ ಮೇಲೆ ಅದೇ ಹಸಿರು ಬೆವರಿನಂತೆ ಹೊರಗೆ ಬಂದಿತ್ತು. ಅದನ್ನು ನೋಡಿ ರವಿಚಂದ್ರ ಕೂಗಿಕೊಂಡ. ಕೂಗು ಅರ್ಧ ಅವನ ಬಾಯಿಯಿಂದ ಬಂತು. ಉಳಿದರ್ಧ ಗೋಡೆಯಿಂದ.

ದೀಪಶ್ರೀ ಚಪ್ಪಲಿಯನ್ನೂ ಹಾಕಿಕೊಳ್ಳದೆ ರಸ್ತೆ ಇಳಿದು ಓಡಿದಳು.

ಸೌಜನ್ಯಳ ಗೇಟಿನಲ್ಲೇ ಗಲಾಟೆ ಕೇಳಿಸಿತು. "ಕಾಫಿ ಹರವೋಕೆ ಹೇಳಿದ್ರೆ ಗುಡ್ಡೆ ಹಾಕಿದೀಯಲ್ಲೋ, ನಿನ್ನ ಕೈ ಸೇದೋಗ!" ಅದು ಗಂಗಾಮಣಿ. "ಸುಮ್ನಿರವ್ವ, ಒಂದೂವರೆ ವರ್ಷ ಸುಮ್ನಿದ್ದು ಈಗ ಬಡ್ಡಿ ಸಮೇತ ಶುರು ಮಾಡ್ಕಂಡಿದೀಯ!" ಅದು ಪ್ರಜ್ವಲ್. ಒಳಗೆ ಸೌಜನ್ಯ ಗೋಡೆಗೆ ಒರಗಿ, ಇಬ್ಬರ ಜಗಳ ಕೇಳುತ್ತ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಅವಳ ಬೆನ್ನ ಹಿಂದಿನ ಗೋಡೆ ಹಸಿರಾಗಿರಲಿಲ್ಲ. ಕೆನೆ ಬಣ್ಣ. ಅಪ್ಪಟ, ಒಣ, ಮಾಮೂಲಿ ಕೆನೆ ಬಣ್ಣ.

ದೀಪಶ್ರೀಯನ್ನು ನೋಡಿ ಅವಳ ನಗು ನಿಂತಿತು. ಕೈ ಹಿಡಿದು ಹಿತ್ತಲಿಗೆ ಕರೆದೊಯ್ದಳು.

"ಬೈಯೋದಾದ್ರೆ ಬೈ. ಹೊಡೆಯೋದಾದ್ರೆ ಹೊಡಿ."

"ಆ ಬಣ್ಣ..."

"ನಾನು ಆ ಬಣ್ಣ ಹೊಡೆಸ್ಲೇ ಇಲ್ಲ ಕಣೇ. ಸಿದ್ದಯ್ಯ ಹೊಡೆದಿದ್ದು ಕೆನೆ ಬಣ್ಣ. ಆಮೇಲೆ ತಾನಾಗೇ ಹಸಿರಾಯ್ತು. ಎಷ್ಟು ಸಲ ಬಳಿಸಿದ್ರೂ ಅದೇ. ಬಂದೋರು ಕೇಳಿದ್ರೆ ಏನನ್ನಲಿ? ಕುರ್ಚಿ ಹಾಕಿ, ಹಂಡೆ ಇಟ್ಟು, ಫ್ಯಾಶನ್ ಅಂದೆ." ಸೌಜನ್ಯ ದನಿ ತಗ್ಗಿಸಿದಳು. "ಯಾವಳೋ ಪಕ್ಕದ ಮನೆಯೋರ ಬಾಯಿ ಕಟ್ಸೋಕೆ ಅಂತ ಅವರ ಗೋಡೆಗೆ ಮಾಟ ಮಾಡ್ಸಿದ್ಲಂತೆ. ಎಷ್ಟು ಮನೆ ದಾಟಿ ಬಂತೋ. ನಮ್ಮ ದೊಡ್ಡಪ್ಪನ ಸೊಸೆ ಮನೆ ಗೋಡೆ ನೋಡಿ ನಂಗೆ ಉರೀತು. ನಾನೂ ಕೆರ್ಕೊಂಡು ಬಂದೆ. ನಿನ್ನಂಗೇ."

"ವಾಪಸ್ ತಗೋ. ಚಕ್ಕೆ ತಂದ್ಕೊಡ್ತೀನಿ. ನನ್ನ ಮಗು, ಸೌಜನ್ಯಾ..."

"ಕೊಟ್ರೆ ಹೋಗಲ್ಲ. ಎಸೆದ್ರೂ ಹೋಗಲ್ಲ. ಹೊಟ್ಟೆ ಉರ್ಕೊಂಡು ಯಾರಾದ್ರೂ ಕದ್ದು ಹೊಸ್ತಿಲು ದಾಟಿಸಬೇಕು. ಒಂದೂವರೆ ವರ್ಷ ಎಷ್ಟು ಜನಕ್ಕೆ ಕಾಫಿ ಕಾಯ್ಸಿದೀನಿ ಗೊತ್ತಾ? ಎಲ್ಲರೂ ಚೆಂದ ಐತೆ ಅಂತ ಹೊಗಳಿ ಹೋಗ್ಬುಟ್ರು. ಹೊಗಳೋರಿಂದ ಏನೂ ಆಗಲ್ಲ ಕಣೇ. ನೀನೊಬ್ಳೇ ಹೊಗಳದೆ ಹೋಗಿದ್ದು. ಅವತ್ತೇ ಅಂದ್ಕೊಂಡೆ, ಇವಳೇ ಅಂತ."

ದೀಪಶ್ರೀ ಹೊಡೆಯಲಿಲ್ಲ. ಬೈಯಲೂ ಇಲ್ಲ. ದಾರಿಯುದ್ದಕ್ಕೂ ಒಂದೇ ಲೆಕ್ಕ ಹಾಕುತ್ತ ನಡೆದಳು. ತನ್ನನ್ನು ಹೊಗಳದವರು ಯಾರು?

ಮನೆಗೆ ಬಂದು ದೀಪ ಹಚ್ಚಿ, ದಿಂಬು ಸರಿಪಡಿಸಿ, ಗೋಡೆಯ ಫೋಟೋ ತೆಗೆದು ಬಂಧುಗಳ ವಾಟ್ಸ್ಯಾಪಿಗೆ ಹಾಕಿದಳು. ಹೃದಯಗಳು ಬಂದವು, ಚಪ್ಪಾಳೆಗಳು ಬಂದವು. ಅತ್ತೆ ಎರಡು ಕೈ ಮುಗಿದರು. ಒಬ್ಬಳು ಮಾತ್ರ ನೋಡಿದಳು, ಏನೂ ಹಾಕಲಿಲ್ಲ. ಮಗ್ಗೆ ಊರಿನಲ್ಲಿದ್ದ ಸ್ವಂತ ತಂಗಿ, ಶೀಲಾ. ಚಿಕ್ಕಂದಿನಿಂದ ಅಕ್ಕನ ಹೊಸ ಲಂಗ ನೋಡಿ ಊಟ ಬಿಡುತ್ತಿದ್ದವಳು. ಹೊಟ್ಟೆಕಿಚ್ಚು ಕಂಡವರಿಗೆಲ್ಲ ಹತ್ತುವುದಿಲ್ಲ. ಅದಕ್ಕೆ ಸಂಬಂಧ ಬೇಕು.

ಮೂರು ದಿನ ದೀಪಶ್ರೀ ಫೋನ್ ಮಾಡಲಿಲ್ಲ. ಆ ಮೂರು ದಿನವೂ ಚುಕ್ಕಿ ಗೋಡೆಯ ಮುಂದೆ ಕೂತು, ತನ್ನದೇ ದನಿ ಹೇಳುವ ಕತೆಗಳನ್ನು ಕೇಳಿಸಿಕೊಂಡಳು. ದೀಪಶ್ರೀಯ ಗಂಟಲೂ ಕಟ್ಟುತ್ತ ಬಂತು. ನಾಲ್ಕನೆಯ ದಿನ ಮಗು ಸ್ಲೇಟಿನ ಮೇಲೆ ಬರೆದು ತಂದು ತೋರಿಸಿತು: ಅಮ್ಮ ಅದು ನನ್ನದು ಕೊಡಲ್ಲ ಅಂತೆ.

ದೀಪಶ್ರೀ ಫೋನ್ ಎತ್ತಿಕೊಂಡಳು.

ಶೀಲಾ ಭಾನುವಾರ ಹನ್ನೊಂದರ ಬಸ್ಸಿಗೆ ಬಂದಳು. ಸೊಂಟದ ಮೇಲೆ ಒಂದೂವರೆ ವರ್ಷದ ಹೆಣ್ಣು ಕೂಸು, ಆಗತಾನೇ ಮಾತು ಕಲಿಯುತ್ತಿತ್ತು. ಕಾಗೆ ಕಂಡರೆ ಕಾಕಾ, ಬಸ್ಸು ಕಂಡರೆ ಬುಸ್ಸು.

"ನಿಂಗೇನಮ್ಮಾ, ಗೋಡೆಗೂ ಮೇಕಪ್ಪು. ನಮ್ಮನೇಲಿ ನಂಗೇ ದಿಕ್ಕಿಲ್ಲ" ಎಂದು ಶೀಲಾ ಚಪ್ಪಲಿ ಬಿಟ್ಟಳು. "ಯಾಕೇ, ದನಿ ಹೋಗೈತೆ?"

"ಶೀತ" ಎಂದು ದೀಪಶ್ರೀ ಪಿಸುಗುಟ್ಟಿದಳು. "ಕೂತಿರು. ಕಾಫಿ ತರ್ತೀನಿ."

ಚುಕ್ಕಿಯನ್ನು ಒಳಗೆ ಕರೆದುಕೊಂಡಳು. ಅಡುಗೆಮನೆಯ ಬಾಗಿಲು ಮುಂದೆ ಮಾಡಿದಳು. ಒಲೆ ಹಚ್ಚಲಿಲ್ಲ. ಕಿವಿಗೊಟ್ಟು ನಿಂತಳು. ಹಾಲ್‌ನಲ್ಲಿ ಕುರ್ಚಿ ಕಿರುಗುಟ್ಟಿತು. ಹೆಜ್ಜೆ. ಮತ್ತೊಂದು ಹೆಜ್ಜೆ. ಹಂಡೆ ಸರಿದ ಸದ್ದು.

ಆಗ ಕೂಸು ಮಾತಾಡಿತು. "ದೊ... ದೊದ್ದಮ್ಮ." ಬಸ್ಸಿನಲ್ಲಿ ಅವ್ವ ಹೇಳಿಕೊಟ್ಟಿದ್ದಿರಬೇಕು. ಹೊಚ್ಚ ಹೊಸ ಮಾತು. "ದೊದ್ದಮ್ಮ, ದೊದ್ದಮ್ಮ."

ಬೇಡ. ಇದು ಬೇಡ. ದೀಪಶ್ರೀ ಬಾಗಿಲು ನೂಕಿದಳು. ಓಡಿದಳು. ಶೀಲಾ ಎಂದು ಕೂಗಿದಳು. ಕೂಗಲಿಲ್ಲ. ಬಾಯಿ ತೆರೆದಿತ್ತು, ಗಂಟಲಲ್ಲಿ ಗಾಳಿಯಷ್ಟೇ ಇತ್ತು. ಉಳಿದಿದ್ದ ಕೊನೆಯ ಪಿಸುದನಿಯೂ ಹೋಗಿತ್ತು. ಅವಳ ದನಿ ಮಾತಾಡಿದ್ದು ಹಾಲ್‌ನ ಗೋಡೆಯಿಂದ, ಅಡುಗೆಮನೆಯಿಂದ ಬಂದಂತೆ ನಟಿಸುತ್ತ, ಸ್ಪಷ್ಟವಾಗಿ, ಅಕ್ಕರೆಯಿಂದ:

"ಇನ್ನೈದು ನಿಮಿಷ ಕಣೇ ಶೀಲಾ, ಡಿಕಾಕ್ಷನ್ ಇಳೀತಾ ಇಲ್ಲ!"

ದೀಪಶ್ರೀ ಹಾಲ್‌ಗೆ ಬರುವಷ್ಟರಲ್ಲಿ ಶೀಲಾ ಗೋಡೆಗೆ ಬೆನ್ನು ಮಾಡಿ ಪರ್ಸಿನ ಜಿಪ್ಪು ಎಳೆಯುತ್ತಿದ್ದಳು. ಉಗುರಿನ ಸಂದಿಯಲ್ಲಿ ಹಸಿರು. ಅಕ್ಕನನ್ನು ಕಂಡು ಮುಖ ಬಿಳಿಚಿತು. "ಹೊ... ಹೊರಟೆ ಕಣೇ. ಈಗಿನ ಬಸ್ ತಪ್ಪಿದ್ರೆ ಸಂಜೆಗಂಟ ಇಲ್ವಂತೆ."

ದೀಪಶ್ರೀ ತೋಳು ಹಿಡಿದಳು. ಪರ್ಸಿಗೆ ಕೈ ಹಾಕಿದಳು. ಬಾಯಿ ತೆರೆದಳು, ಮುಚ್ಚಿದಳು, ತೆರೆದಳು.

"ಏನೇ ಇದು? ನನ್ನ ಪರ್ಸ್ ಹುಡುಕ್ತೀಯಾ? ಬಿಡೇ! ಬಿಡು ಅಂದ್ನಲ್ಲ!" ಸಿಕ್ಕಿಬಿದ್ದವಳ ಸಿಟ್ಟಿನಲ್ಲಿ ಶೀಲಾ ಕೊಸರಿಕೊಂಡಳು. ಕೂಸು ಅತ್ತಿತು. ಚಪ್ಪಲಿಗೆ ಅರ್ಧ ಕಾಲು ತೂರಿಸಿ ಹೊಸ್ತಿಲು ದಾಟಿಬಿಟ್ಟಳು.

ಮನೆಯಲ್ಲಿ ಏನೋ ಸಡಿಲವಾಯಿತು. ಮುಚ್ಚಿದ ಬಾಯಿಯ ವಾಸನೆ ಇರಲಿಲ್ಲ. ಹಿತ್ತಲಿನ ಜೀರುಂಡೆ, ಫ್ರಿಜ್ಜಿನ ಗುಂಯ್, ರಸ್ತೆಯ ಜೀಪು, ಎಲ್ಲವೂ ಒಮ್ಮೆಲೇ ನುಗ್ಗಿ ಒಳಗೆ ಬಂದವು. ಅವುಗಳ ನಡುವೆ ಬೆನ್ನ ಹಿಂದೆ, ನೆಲದಿಂದ ಮೂರಡಿ ಎತ್ತರದಲ್ಲಿ, ಬಿಸಿಯುಸಿರಿನ ಜತೆ:

"ಅಮ್ಮಾ."

ದೀಪಶ್ರೀ ಕುಸಿದು ಮಗಳನ್ನು ತಬ್ಬಿಕೊಂಡಳು. "ಚುಕ್ಕೀ" ಎಂದಳು. ಅದು ಅವಳ ಬಾಯಿಯಿಂದಲೇ ಬಂತು. ಇನ್ನೊಮ್ಮೆ ಎಂದಳು. ಗಂಟಲು ತಿಳಿಯಾಗಿತ್ತು, ದನಿ ಕಾಲೇಜಿನ ದಿನಗಳಷ್ಟೇ ಗಟ್ಟಿಯಿತ್ತು. ಮಗು ಅಳುತ್ತ, ನಗುತ್ತ, ಹನ್ನೆರಡು ದಿನದ ಮಾತನ್ನು ಒಂದೇ ಉಸಿರಿಗೆ ಸುರಿಯುತ್ತಿತ್ತು.

ತೆರೆದ ಬಾಗಿಲಿನಾಚೆ ಶೀಲಾ ಇನ್ನೂ ಗೇಟಿನ ಬಳಿಯೇ ಇದ್ದಳು. ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಬಿಗಿ ಚಿಲಕ. ಅದು ಜಗ್ಗುತ್ತಿರಲಿಲ್ಲ. ಮೂವತ್ತು ಹೆಜ್ಜೆ. ಸಣ್ಣಗೆ ಕರೆದರೂ ಕೇಳುವಷ್ಟು ದೂರ. ಅವ್ವನ ಭುಜದ ಮೇಲಿನಿಂದ ಕೂಸು ಇತ್ತಲೇ ನೋಡುತ್ತಿತ್ತು. ತುಟಿ ಆಡುತ್ತಿತ್ತು. ದೊದ್ದಮ್ಮ ಎಂದಿರಬೇಕು. ಏನೂ ಕೇಳಿಸಲಿಲ್ಲ.

"ಚಿಕ್ಕಮ್ಮ ಹೋಗ್ತಾ ಇದಾರೆ!" ಚುಕ್ಕಿ ಬಾಗಿಲಿಗೆ ಓಡಿದಳು, ಕೂಗಲು ಎದೆ ತುಂಬ ಉಸಿರು ಎಳೆದುಕೊಂಡಳು. "ಚಿಕ್ಕ..."

ದೀಪಶ್ರೀ ಹಿಂದಿನಿಂದ ಬಂದು ಮಗಳ ಬಾಯಿ ಮುಚ್ಚಿದಳು. ಗೇಟಿನ ಚಿಲಕ ತೆಗೆದ ಸದ್ದು ಕೇಳುವವರೆಗೂ ಆ ಕೈ ತೆಗೆಯಲಿಲ್ಲ.